ಮಳೆ ಬಂದ ಗಂಟೆಯ ವಿಡಿಯೊ

ಲುಸೇನಾ,
ಮಂಗಳವಾರ ಬೆಳಿಗ್ಗೆ

ಮಾನ್ಯ ಮ್ಯಾನೇಜರ್ ವಿಲ್ಯಾರೋಸಾ ಅವರಿಗೆ,

ಗೋದಾಮಿನಿಂದ ದೋಣಿಯ ಮೋಟಾರು ಕಳುವಾದ ದಿನ, ಹನ್ನೊಂದರಿಂದ ಹನ್ನೆರಡರವರೆಗಿನ ವಿಡಿಯೊ ಫೈಲು ಗಾತ್ರದಲ್ಲಿ ಉಳಿದ ಗಂಟೆಗಳ ಫೈಲಿನ ಕಾಲು ಭಾಗವೂ ಇಲ್ಲವೆಂದು ನೀವು ಕಾವಲುಗಾರ ಮಾಂಗ್ ಟಿನೋಯ್ ಅವರನ್ನು ಪೊಲೀಸರಿಗೆ ಒಪ್ಪಿಸಿದಿರಿ. "ಮಿಕ್ಕಿದ್ದನ್ನ ಕತ್ತರಿಸಿ ಎಲ್ಲಿ ಎಸೆದ್ಯೋ ಮುದುಕಾ?" ಎಂದು ನೀವು ಕೇಳಿದಾಗ, ಕ್ಯಾಮೆರಾ ನೋಡಿಕೊಳ್ಳುವ ನಾನು ಪಕ್ಕದಲ್ಲೇ ಇದ್ದೂ ಬಾಯಿ ಬಿಡಲಿಲ್ಲ.

ಅದನ್ನು ಯಾರೂ ಕತ್ತರಿಸಿಲ್ಲ. ಓಡಿಸಿ ನೋಡಿ, ಪೂರ್ತಿ ಅರವತ್ತು ನಿಮಿಷ ಇದೆ. ಗುಣಮಟ್ಟ ಒಂದೇ ಇದ್ದರೂ ನಮ್ಮ ಯಂತ್ರ ದೃಶ್ಯದಲ್ಲಿ ಬದಲಾದದ್ದನ್ನಷ್ಟೇ ಹೊಸದಾಗಿ ಉಳಿಸಿಕೊಳ್ಳುತ್ತದೆ. ಆ ಗಂಟೆ ಅಂಗಳದಲ್ಲಿ ಬೆಕ್ಕೂ ಸುಳಿಯಲಿಲ್ಲ, ಹಾಗಾಗಿ ಫೈಲು ಸಣ್ಣದು. ಹನ್ನೆರಡಕ್ಕೆ ಮಳೆ ಹೊಡೆಯಿತು. ಹನಿ ಹನಿಯೂ ಬದಲಾವಣೆಯೇ ಆದ್ದರಿಂದ ಆ ಮುಂದಿನ ಗಂಟೆಯ ಫೈಲು ಉಬ್ಬಿತು. ಗಾತ್ರ ಸರಿಯಿದೆಯೆಂದು ನೀವು ಅದನ್ನು ತೆರೆಯಲಿಲ್ಲ. ನಾನು ತೆರೆದೆ. ಇಪ್ಪತ್ತಮೂರನೇ ನಿಮಿಷದಲ್ಲಿ ಟಾರ್ಪಾಲು ಹೊದ್ದು ಮೋಟಾರು ಹೊತ್ತು ಹೋಗುವವನು ನನ್ನ ತಮ್ಮ ಡೆನ್ಸಿಯೊ.

ನಿನ್ನೆ ಅನ್ನದ ಮುಂದೆ ಕೂತು, "ಅಳಿಸ್ಬಿಡೇ ಅಕ್ಕಾ. ಆ ಮುದುಕಂಗೆ ಅಂತ ಅಳೋರು ಯಾರಿದಾರೆ?" ಎಂದ.

"ನಾನಿದೀನಲ್ಲೋ" ಎಂದೆ. ಅರ್ಧ ಊಟಕ್ಕೇ ಎದ್ದುಹೋದ.

ಎರಡೂ ಫೈಲುಗಳ ಪ್ರತಿ ಇದರ ಜೊತೆಗಿದೆ. ಮಾಂಗ್ ಟಿನೋಯ್ ಅವರನ್ನು ಇವತ್ತೇ ಬಿಡಿಸಿ. ಅವರ ಬಿಪಿ ಮಾತ್ರೆ ನನ್ನ ಮೇಜಿನ ಖಾನೆಯಲ್ಲಿದೆ, ದಯವಿಟ್ಟು ಯಾರ ಕೈಲಾದರೂ ಕಳಿಸಿ.

ನನಗೆ ಇಂದು ರಜೆ ಬೇಕು. ಡೆನ್ಸಿಯೊ ಈಗ ತಾನೇ ಬಂದು, "ನಡಿ, ಠಾಣೆಗೆ ನೀನೂ ಬಾ" ಎಂದು ಬಾಗಿಲಲ್ಲಿ ನಿಂತಿದ್ದಾನೆ.

ಇತಿ,
ಲೀಗಾಯಾ ಮಗ್ಬನುವಾ