ಜೇಬಿನಲ್ಲಿದ್ದ ಬೆಂಕಿಕಡ್ಡಿ

ಡಿಸೆಂಬರ್ ೧೨, ಶುಕ್ರವಾರ

ಸೋಪು ಹಾಕಿ ಎರಡೆರಡು ಸಲ ತೊಳೆದರೂ ಕೈ ಇನ್ನೂ ಅಸಹ್ಯವೆನಿಸುತ್ತಿದೆ.

ಭಾನುವಾರ ಅಕ್ಕ-ಭಾವನ ಜೊತೆ ಬೆಟ್ಟ ಹತ್ತಬೇಕಲ್ಲ, ಜಾಕೆಟ್ ನೋಡಲು ಅಂಗಡಿಗೆ ಹೋಗಿದ್ದೆ. ಬಾತುಕೋಳಿ ಪುಕ್ಕ ತುಂಬಿದ ನೀಲಿಯದೊಂದು, ತೊಟ್ಟದ್ದೇ ಗೊತ್ತಾಗದಷ್ಟು ಹಗುರ. ಮಡಚಿದರೆ ತನ್ನ ಜೇಬಿನೊಳಗೇ ಹಿಡಿಸುತ್ತದೆ. ಇದೇ ಇರಲಿ ಎಂದುಕೊಂಡು ಜೇಬಿಗೆ ಕೈ ಹಾಕಿದರೆ, ತುದಿ ಜಗಿದು ನಾರು ನಾರಾದ ಬೆಂಕಿಕಡ್ಡಿ! ಕಾಲರಿನಲ್ಲಿ ಬೆವರಿನ ಕಮಟು ಬೇರೆ. ಥೂ.

"ಯಾರೋ ಬೆಟ್ಟ ಸುತ್ತಿ ಬಂದು, ಸೈಜ್ ಆಗ್ಲಿಲ್ಲ ಅಂತ ವಾಪಸ್ ಕೊಟ್ಟಿರ್ತಾರೆ ಸರ್," ಎಂದ ಅಂಗಡಿಯವನು, ಆಕಳಿಸುತ್ತ.

ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಆ ಜಾಕೆಟ್ಟಿನ ಮಾತು ತೆಗೆದೆ. ಕಡ್ಡಿಯ ವಿಷಯ ಬರುವ ಮೊದಲೇ ಭಾವನ ಮುಖ ಅರಳಿತು.

"ನೀಲೀದಾ? ನಾನೇ ಕಣೋ ವಾಪಸ್ ಕೊಟ್ಟಿದ್ದು! ಟ್ಯಾಗ್ ಕೀಳದೆ ಕಾಲರೊಳಗೆ ಮಡಚಿಟ್ಕೊಂಡಿದ್ದೆ. ಒಳ್ಳೇ ಬೆಚ್ಚಗಿರುತ್ತೆ, ಕಣ್ಮುಚ್ಕೊಂಡು ತಗೋ."

ಹೇಳಿ, ಎಂದಿನಂತೆ ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದು ಜಗಿಯತೊಡಗಿದರು. ನಾನು ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದೆ. ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

ಭಾನುವಾರ ನಾನು ಎರಡು ಹಳೇ ಸ್ವೆಟರ್ ಹಾಕಿಕೊಂಡು ನಡುಗುತ್ತ ಹತ್ತುತ್ತೇನೆ. ಭಾವ ಇನ್ನೊಂದು ಹೊಸದು ತೊಟ್ಟಿರುತ್ತಾರೆ. ಕತ್ತಿನ ಹಿಂದೆ ಟ್ಯಾಗ್ ಇಣುಕುತ್ತದೆ. ಯಾರೂ ನೋಡದಿದ್ದಾಗ ಅದನ್ನು ಒಳಗೆ ತಳ್ಳುವವಳು ನಮ್ಮಕ್ಕ.