ಬೊಫಾಳ ಹಿರಿಯರಿಗೆ ಎಡೆ ಇಡಬಹುದೇ?

ಸಂಸ್ಕೃತಿಯ ಉಸ್ತುವಾರಿ ಹೊತ್ತ ಮಾನ್ಯ ಮೇಲಧಿಕಾರಿಗಳೇ,

ಅಂಗ್ಕೋರ್‌ನ ಕಲ್ಲುಗಳೆಲ್ಲ ನಮ್ಮವು, ಅವನ್ನು ಕೆತ್ತಿದವರ ಮಕ್ಕಳಿಗೂ ನಮಗೂ ಮಾತ್ರ ಸಂಬಂಧವಿಲ್ಲ ಎಂಬುದು ಯಾವ ನ್ಯಾಯ?

ಹೋದ ವಾರ ಚಿತ್ರದುರ್ಗದಲ್ಲಿ ತಾವು ಕಾಂಬೋಡಿಯದ ದೇವಾಲಯಗಳ ಚಿತ್ರ ತೋರಿಸಿ ಭಾಷಣ ಮಾಡಿದಿರಿ. ಉಪಾಧ್ಯಾಯರೆಲ್ಲ ಬರಲೇಬೇಕೆಂದು ಆಜ್ಞೆಯಾಗಿತ್ತು, ಬಂದಿದ್ದೆವು. ಅಲ್ಲಿನ ಖ್ಮೇರ್ ಜನರಿಗೆ ದೇವರು, ಲಿಪಿ, ಶಿಲ್ಪ ಎಲ್ಲವನ್ನೂ ದಯಪಾಲಿಸಿದವರು ನಾವೇ ಎಂದಿರಿ. ನಾನು ಜೊತೆಗೆ ಕರೆತಂದಿದ್ದ ಹೆಂಗಸು ಎದ್ದು, ಆ ಜನ ಈಗ ಎಲ್ಲಿದ್ದಾರೆಂದು ಕೇಳಿದಳು. ಅದು ಬೇರೆ ಇಲಾಖೆ, ಕುಳಿತುಕೊಳ್ಳಿ ಎಂದಿರಿ. ಪಾಪ, ಕೂತಳು.

ಅವಳ ಹೆಸರು ಬೊಫಾ, ಖ್ಮೇರ್ ಹೆಣ್ಣುಮಗಳು. ಹಿರಿಯೂರಿನ ನಮ್ಮ ಪಕ್ಕದ ಮನೆಯ ಉಸ್ಮಾನ್ ಸಾಬರು ಕಾಂಬೋಡಿಯದ ನಾಮ್‌ಪೆನ್ ನಗರದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದಾಗ ಅವಳನ್ನು ಮದುವೆಯಾದರು. ಯುದ್ಧ ಜೋರಾದಾಗ, ಎಪ್ಪತ್ತನಾಲ್ಕರಲ್ಲಿ, ಇಲ್ಲಿಗೆ ಕರೆತಂದರು. ತಾಯಿ ಮತ್ತು ತಮ್ಮ ಹಿಂದಿನಿಂದ ಬರುತ್ತೇವೆಂದರಂತೆ. ಮರುವರ್ಷ ಯುದ್ಧ ಗೆದ್ದವರು ಆ ಊರನ್ನೇ ಖಾಲಿ ಮಾಡಿಸಿದರು. ಆಮೇಲೆ ಒಂದು ಕಾಗದವೂ ಇಲ್ಲ.

ನಮ್ಮ ಪಿತೃಪಕ್ಷದ ಹೊತ್ತಿಗೇ ಅವರಿಗೂ ಹಿರಿಯರ ಹಬ್ಬ. ಆ ಹದಿನೈದು ದಿನ ಸತ್ತವರು ಹಸಿದುಕೊಂಡು ಗುಡಿಯಿಂದ ಗುಡಿಗೆ ತಮ್ಮವರನ್ನು ಹುಡುಕುತ್ತಾರಂತೆ. ಅವರಿಗೆಂದು ಎಳ್ಳು ಬೆರೆಸಿದ ಅನ್ನದ ಉಂಡೆ ಕಟ್ಟಿ, ಬೆಳಕು ಹರಿಯುವ ಮುನ್ನ ಹೊರಗಿಡಬೇಕು. ಅವಳ ಹಿರಿಯರು, ಅವಳು ಎಡೆ ಇಟ್ಟುಕೊಳ್ಳಲಿ ಎಂದು ಉಸ್ಮಾನ್ ಸಾಬರು ಮೊದಲೇ ಹೇಳಿಬಿಟ್ಟಿದ್ದರು. ಆದರೆ ಈ ಸಲ ಬೊಫಾ ತಾಯಿಗೂ ತಮ್ಮನಿಗೂ ಎಂದು ಉಂಡೆ ಕಟ್ಟಿದಳು, ಇಡಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಯಾಕೆಂದು ಕೇಳಿದೆ.

"ಬದುಕಿರೋರಿಗೆ ಇಟ್ರೆ ನಾನೇ ಸಾಯ್ಸಿದಂಗೆ ಆಗ್ತೈತಕ್ಕ. ಸತ್ತಿದ್ರೆ ಅಮ್ಮ ಹಸ್ಕಂಡು ನಿಂತಿರ್ತಾಳೆ. ಏನ್ ಮಾಡ್ಲಿ?"

ಮನೆಗೆ ಬಂದು ನಮ್ಮ ಅತ್ತೆಗೆ ಎಡೆ ಇಡುವಾಗ ಗೋಡೆಯಾಚೆ ಯಾರೋ ನಿಂತು ಕಾಯುತ್ತಿದ್ದಾರೆ ಎನಿಸಿತು. ಈಗಲೂ ಅನ್ನ ಬಸಿಯುವಾಗ ಹಾಗೇ ಅನಿಸುತ್ತದೆ, ಭಯವಾಗುತ್ತದೆ.

ನಮ್ಮ ಮಾರಿಕಣಿವೆ ಅಣೆಕಟ್ಟು ಕಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಸಮುದ್ರದಂಥ ಕೆರೆ ಕಟ್ಟಿ ಭತ್ತ ಬೆಳೆದ ಜನ ಅವರು. ಅದನ್ನೂ ನಾವೇ ಕಲಿಸಿದ್ದೆನ್ನುವಿರಾ? ಆಗಲಿ, ಸಂತೋಷ. ಅಂಥವರ ಮನೆಯ ಮುದುಕಿಗೆ ಹಿಡಿ ಅನ್ನ ಇಡಬೇಕೋ ಬೇಡವೋ ಎಂದು ಮಗಳು ಕೊರಗುತ್ತಿದ್ದಾಳಲ್ಲ, ಅದನ್ನೂ ಸ್ವಲ್ಪ ನಮ್ಮದೆನ್ನಿ. ಸಾವಿರ ವರ್ಷದ ಹಿಂದಿನ ರಾಜ ಯಾವಾಗ ಸತ್ತನೆಂದು ಶಾಸನ ಓದಿ ಹೇಳುವ ತಮಗೆ, ಮೊನ್ನೆ ಮೊನ್ನೆಯವರೆಗೆ ಇದ್ದ ಹೆಂಗಸಿನ ಸುದ್ದಿ ತಿಳಿಯುವುದು ಅಷ್ಟು ಕಷ್ಟವೇ?

ಚಪ್ಪಾಳೆ ಬೇಕಿದ್ದರೆ ಇನ್ನೊಂದು ಸಭೆ ಕರೆಯಿರಿ, ಬರುತ್ತೇವೆ. ಬರುವ ಪಿತೃಪಕ್ಷದೊಳಗೆ ಯಾವ ಇಲಾಖೆಯನ್ನಾದರೂ ವಿಚಾರಿಸಿ ಬೊಫಾಳಿಗೆ ತಿಳಿಸಿ. ತಾಯಿ ಇದ್ದರೆ ಇದ್ದಾಳೆನ್ನಿ. ಇಲ್ಲವಾಗಿದ್ದರೆ ಹಾಗೆಂದೇ ಬರೆಯಿರಿ. ಮಗಳು ಅಳಲಿ, ತಾಯಿ ಉಣ್ಣಲಿ.

ಇಂತಿ,
ಪಕ್ಕದ ಮನೆಯವಳೆಂಬುದರ ಹೊರತು ಕೇಳಲು ಬೇರಾವ ಅಧಿಕಾರವೂ ಇಲ್ಲದ
ಚಿತ್ತಮ್ಮ, ಉಪಾಧ್ಯಾಯಿನಿ
ಹಿರಿಯೂರು, ನವೆಂಬರ್ ೧೯೭೭