ಸಾವಿರನೆಯ ದಿನದ ತಾರೀಖು

ಸೊಕೊರೆಜೊ, ಜಾವಾ
ಶನಿವಾರ, ವಾಗೆ ಸಂತೆಯ ದಿನ, ೧೯೪೯

ಪ್ರೀತಿಯ ಮಗ ಜಮಾರಿ,

ಹೇಗಿದ್ದೀಯಪ್ಪ? ಬೆಟ್ಟದ ಚಳಿಗೆ ಕೆಮ್ಮು ಮರುಕಳಿಸಿತೇ? ತೊಡೆಯ ಗಾಯ ಮಾಗಿತೇ? ಶುಂಠಿ ಜಜ್ಜಿ ಬೆಲ್ಲ ಹಾಕಿ ಕುಡಿ. ನಿಮ್ಮ ಪಡೆಯ ವೈದ್ಯನ ಮಾತ್ರೆ ನಂಬಬೇಡ. ಅವನು ಮೊದಲು ಎಮ್ಮೆಗಳಿಗೆ ಔಷಧಿ ಕೊಡುತ್ತಿದ್ದವನಂತೆ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ಐವತ್ತೆಂಟರಲ್ಲೂ ತೆಂಗಿನ ಮರ ಹತ್ತುವ ಗಂಡಸು ಈ ಸುತ್ತಿನಲ್ಲಿ ನಾನೊಬ್ಬನೇ. ಮೊನ್ನೆ ನಿನ್ನ ಅಮ್ಮ ಹಿಂದಿನಿಂದ ನನ್ನನ್ನು ಕಂಡು "ಜಮಾರೀ, ಯಾವಾಗ ಬಂದ್ಯೋ?" ಎಂದು ಕೂಗಿ, ತಿರುಗಿದ ಮುಖ ನೋಡಿ ಅತ್ತುಬಿಟ್ಟರು. ನನ್ನ ಮುಖ ಅಷ್ಟೇನೂ ಕೆಟ್ಟದಾಗಿಲ್ಲ.

ಈ ಕಾಗದ ತರುವ ಕಷಾಯ ಮಾರುವ ಗಿನೆಮ್ ಮೇಲೂ ನನಗೆ ಅನುಮಾನವಿತ್ತು. ಹೋದ ತಿಂಗಳು ಬರೀ ಖಾಲಿ ಹಾಳೆಯನ್ನು ಅಂಟಿಸಿ ಅವಳ ತುರುಬಿನಲ್ಲಿ ಕಳಿಸಿದ್ದು ಅದಕ್ಕೇ. "ಅಂಟು ಕಿತ್ತು ನೋಡಿದರೆ ಖಾಲಿ, ಚಿಕ್ಕಪ್ಪನಿಗೆ ಅರಳುಮರಳು" ಎಂದು ನೀನು ಬೈದು ಬರೆದೆ. ಅಂಟು ಬಿಚ್ಚದೆ ತಲುಪಿತೆಂದು ನನಗೆ ಗೊತ್ತಾಯಿತು.

ಡಚ್ಚರು ಸಕ್ಕರೆ ಕಾರ್ಖಾನೆಯಲ್ಲಿ ಠಾಣೆ ಹಾಕಿದ್ದಾರೆ. ಹೊಗೆಗೊಳವೆಯ ಬಾಯಲ್ಲಿ ಆಲದ ಸಸಿ ಬೆಳೆದಿದೆ, ಅದನ್ನು ಕೀಳುವ ಯೋಗ್ಯತೆಯೂ ಇಲ್ಲ. ಹಿಂದಿನ ದೊರೆಗಳ ಬಿಳಿ ಅಂಗಿಯಲ್ಲಿ ಒಂದು ಸುಕ್ಕು ಇರುತ್ತಿರಲಿಲ್ಲ. ಈಗ ಬಂದವರು ಮೀಸೆ ಮೂಡದವರು. ಅಂಗಿ ಇಂಗ್ಲಿಷರದು, ಲಾರಿ ಅಮೆರಿಕದವರದು, ಬೆವರೊಂದೇ ಸ್ವಂತದ್ದು. ಅತ್ತ ತಮ್ಮ ದೇಶವನ್ನು ಜರ್ಮನರಿಗೆ, ಇತ್ತ ನಮ್ಮದನ್ನು ಜಪಾನಿಯರಿಗೆ ಬಿಟ್ಟುಕೊಟ್ಟು, ಯುದ್ಧ ಮುಗಿದ ಮೇಲೆ ಯಜಮಾನಿಕೆಗೆ ಬಂದಿದ್ದಾರೆ. ಸ್ವಂತ ಸೂರು ಹಾರಿಹೋದವನು ನೆರೆಮನೆಗೆ ಬಾಡಿಗೆ ಕೇಳಲು ಬಂದ ಹಾಗೆ! ಆದರೆ ಮುಳುಗುವವನ ಹಿಡಿತ ಬಿಗಿ, ಮಗಾ. ಹೋದ ವಾರ ನಿಮ್ಮ ಪಡೆಯ ಇಬ್ಬರನ್ನು ಕಾಲುವೆಯ ದಂಡೆಯಲ್ಲೇ ಗುಂಡಿಟ್ಟು ಕೊಂದರು. ಅವರು ಬರುವ ದಾರಿಯನ್ನು ಯಾರೋ ಊರಿನವರೇ ಹೇಳಿದ್ದಾರೆ. ಅಂದಿನಿಂದ ನಾನು ಕ್ಷೌರದವನಿಗೂ ಬೆನ್ನು ಕೊಟ್ಟು ಕೂರುತ್ತಿಲ್ಲ. ತಲೆ ನೋಡಿದರೆ ನಿನಗೇ ತಿಳಿಯುತ್ತದೆ.

ನಿನ್ನ ಅಪ್ಪ ತೀರಿಕೊಂಡ ಸಾವಿರನೆಯ ದಿನ ಹತ್ತಿರ ಬಂತು. ಅಮ್ಮ ಅಕ್ಕಿ ರೊಟ್ಟಿಗೆ ಹಿಟ್ಟು ಕುಟ್ಟಿಸಿದ್ದಾರೆ, ಗೋರಿಕಲ್ಲು ಅಂಗಳದಲ್ಲಿ ಬಂದು ಕೂತಿದೆ. ಕಲ್ಲು ನೆಡಲು ಮಗನ ಕೈಯೇ ಆಗಬೇಕೆಂದು ಅವರ ಹಟ. ಅಣ್ಣ ಹೋದದ್ದು ಶುಕ್ರವಾರ, ಲೆಗಿ ಸಂತೆಯ ದಿನ. ಆ ದಿನವನ್ನೇ ಒಂದೆಂದು ಹಿಡಿದರೆ ಸಾವಿರನೆಯದು ಬೀಳುವುದು ಆರನೆಯ ವಾರ, ಐದನೆಯ ಸಂತೆಗೆ: ಬುಧವಾರ ಕ್ಲಿವೊನ್. ವಾರದ ಏಳು ದಿನ, ಸಂತೆಯ ಐದು ದಿನ ಎಣಿಸಲು ಬಂದರೆ ಸಾಕು, ನಮ್ಮ ಅಡುಗೆಮನೆಯ ಬೆಕ್ಕೂ ಈ ದಿನ ಹೇಳೀತು.

ಅದಕ್ಕೇ ನಿನ್ನ ಜೀವದ ಗೆಳೆಯ ಪಾನುತ್ ಮೇಲೆ ನನಗೆ ಅನುಮಾನ. ಗುರುವಾರ ಬಂದು ಜಗಲಿಯಲ್ಲಿ ಕೂತ. "ಚಿಕ್ಕಪ್ಪಾ, ದೊಡ್ಡಪ್ಪನ ಸಾವಿರದ ದಿನ ಎಷ್ಟನೇ ತಾರೀಖು ಬೀಳ್ತದೆ?" ಎಂದ. "ಬುಧವಾರ ಕ್ಲಿವೊನ್ ಕಣೋ, ಮರೆತ್ಯಾ?" ಎಂದೆ. "ಅದು ಗೊತ್ತು. ತಾರೀಖು ಎಷ್ಟು?" ಎಂದ. ಮಗಾ, ಹುಟ್ಟಿಗೂ ಸಾವಿಗೂ ಸಂತೆ ಎಣಿಸುವ ನಮ್ಮೂರಲ್ಲಿ ಊಟಕ್ಕೆ ಬರುವವನಿಗೆ ತಾರೀಖು ಏಕೆ ಬೇಕು? ಸಂತೆ ಎಣಿಸಲು ಬಾರದ ಯಾರಿಗೋ ಅದನ್ನು ಒಪ್ಪಿಸಬೇಕಾದಾಗ ಮಾತ್ರ! ನಾನು ಮೂರನೇ ಕ್ಲಾಸಿನವನೇ ಇರಬಹುದು, ಆದರೆ ಆ ಮೂರು ಕ್ಲಾಸನ್ನೂ ಚೆನ್ನಾಗಿ ಓದಿದ್ದೇನೆ.

ದೇವರು ನಿನ್ನನ್ನು ಕಾಯಲಿ. ಅಮ್ಮ ನೆತ್ತಿ ಮುಟ್ಟಿ ಹರಸಿದ್ದಾರೆ ಎಂದುಕೋ. ಎಮ್ಮೆ ವೈದ್ಯನಿಗೂ ನಮಸ್ಕಾರ ತಿಳಿಸು.

ನಿನ್ನ ಚಿಕ್ಕಪ್ಪ,
ವೊಂಗ್ಸೊ

ಮರೆತಿದ್ದೆ: ನೀನು ಬರಬೇಡ. ಪಾನುತ್‌ಗೆ ನಾನು ಸರಿಯಾದ ತಾರೀಖನ್ನೇ ಹೇಳಿದೆ, ಮಾರ್ಚ್ ಇಪ್ಪತ್ತಮೂರು. "ಹುಡುಗ ಬಂದೇ ಬರ್ತಾನೆ" ಎಂದೂ ಸೇರಿಸಿದೆ. ಮರುದಿನವೇ ಇಬ್ಬರು ಬಿಳಿಯರು ಬಂದು ಖಬರಸ್ತಾನದ ಪಕ್ಕದ ಕಬ್ಬಿನಗದ್ದೆ ಸುತ್ತಿ ನೋಡಿ ಹೋದರು. ಅಂದು ಠಾಣೆಯವರೆಲ್ಲ ಅಲ್ಲಿ ಸೊಳ್ಳೆ ಹೊಡೆಯುತ್ತ ಕೂತಿರುತ್ತಾರೆ. ಕಬ್ಬಿಣದ ಸೇತುವೆಗೆ ಕಾವಲಿರುವುದಿಲ್ಲ. ನಿಮ್ಮವರನ್ನೆಲ್ಲ ದಾಟಿಸಿಕೋ. ನಿನ್ನ ಹಳೆಯ ಟೋಪಿ ಹಾಕಿಕೊಂಡು, ಕಬ್ಬಿನ ಕಡೆಗೆ ಬೆನ್ನು ಮಾಡಿ, ಕಲ್ಲನ್ನು ನಾನೇ ನಿಧಾನವಾಗಿ ನೆಡುತ್ತೇನೆ. ಅಮ್ಮನಿಗೆ ಹೇಳಿಲ್ಲ. ನನಗೇನಾದರೂ ಆದರೆ ಬುಧವಾರ ಕ್ಲಿವೊನ್‌ನಿಂದ ನನ್ನ ಸಾವಿರವನ್ನು ನೀನೇ ಎಣಿಸು: ಆರನೆಯ ವಾರ, ಐದನೆಯ ಸಂತೆ. ಯಾರನ್ನೂ ತಾರೀಖು ಕೇಳಬೇಡ.